ಕೇಳದೇ ಬಂದ ಕೆಲಸ

ಮಾರ್ಚ್ 4

ಗುಬ್ಬೀ,

ನಿನ್ನ ಕಾಗದ ಬಂತು. ನಾವಿಬ್ಬರೂ ಚೆನ್ನಾಗಿದ್ದೀವಿ. ನಿಮ್ಮಮ್ಮ ಬೆಳಗ್ಗೆ ಬೇಕರಿ ಕೆಲಸಕ್ಕೆ ಹೋದರೆ ಮಧ್ಯಾಹ್ನ ಬರ್ತಾಳೆ, ಅಷ್ಟರಲ್ಲಿ ನಾನು ಅಡುಗೆ ಮಾಡಿಟ್ಟಿರ್ತೀನಿ. ಒಂದು ದಿನ ಉಪ್ಪು ಜಾಸ್ತಿ, ಒಂದು ದಿನ ಇಲ್ಲವೇ ಇಲ್ಲ. ಅವಳು ಏನೂ ಅನ್ನಲ್ಲ. ಅದೇ ನನಗೆ ಅನುಮಾನ. ಮದುವೆಯಾದಾಗಿಂದ ನನ್ನ ಮಾತು ಮಾತಿಗೂ ತಪ್ಪು ಹಿಡಿದವಳು ಈಗ ಸುಮ್ಮನೆ ಉಂಡು ಏಳ್ತಾಳೆ ಅಂದರೆ ಒಳಗೆ ಏನು ಅಂದುಕೊಳ್ತಿದ್ದಾಳೋ.

ವರ್ಕ್‌ಶಾಪಿಗೆ ಇನ್ನೂ ಅದೇ ಬೀಗ. ಕಿಟಕಿಯಿಂದ ಬಗ್ಗಿ ನೋಡಿದೆ. ಗಾಜು ಉಜ್ಜೋ ಮಶೀನುಗಳನ್ನೆಲ್ಲ ಕಿತ್ತು ಸಾಗಿಸಿದ್ದಾರೆ, ನೆಲದಲ್ಲಿ ಬೋಲ್ಟಿನ ತೂತುಗಳು ಮಾತ್ರ ಉಳಿದಿವೆ. ಈ ಊರಲ್ಲಿ ಕನ್ನಡಕದ ಗಾಜು ಉಜ್ಜೋ ಜಾಗ ಅಂತ ಇದ್ದಿದ್ದೇ ಅದೊಂದು. ಎಂಪ್ಲಾಯ್ಮೆಂಟ್ ಆಫೀಸಿಗೆ ಹೋಗಿ ಹೆಸರು ಬರೆಸಿದ್ದೀನಿ. ಅಲ್ಲಿನ ಗುಮಾಸ್ತ ತನ್ನ ಪುಸ್ತಕ ತಿರುವಿ ತಿರುವಿ ನೋಡಿ, ನಿಮ್ಮ ಕೆಲಸ ಇದರಲ್ಲಿ ಇಲ್ವಲ್ಲ ಅಂದ. ಕೊನೆಗೆ 'ಗಾಜಿನ ಕೆಲಸ' ಅಂತ ಬರೆದುಕೊಂಡ. ಆಮೇಲೆ ಚೀಟಿ ಕೊಟ್ಟು ಒಂದು ಕಡೆ ಕಳಿಸಿದ. ಹೋಗಿ ನೋಡಿದರೆ ಮೂರನೇ ಮಹಡಿ ಕಿಟಕಿಗಳಿಗೆ ಗಾಜು ಕೂರಿಸೋದು. ಮೇಸ್ತ್ರಿ ನನ್ನ ಮುಖ ನೋಡಿದ, ಏಣಿ ನೋಡಿದ, ಮನೆಗೆ ಹೋಗಿ ಯಜಮಾನ್ರೇ ಅಂದ.

ಪೇಪರಿನಲ್ಲಿ ಬಂದ ಜಾಹೀರಾತಿಗೆಲ್ಲ ಬರೆದು ಹಾಕ್ತಾ ಇದ್ದೀನಿ. ಒಬ್ಬರೂ ಉತ್ತರ ಕೊಟ್ಟಿಲ್ಲ.

ನಿನಗೆ ಚಾಳೀಸು ನೆನಪಿದ್ದಾನಲ್ಲ, ನನ್ನ ಪಕ್ಕದ ಸ್ಟೂಲಿನವನು? ಮೀಸೆ ಬರೋ ವಯಸ್ಸಿಗೇ ಓದೋ ಕನ್ನಡಕ ಬಂದು ಆ ಹೆಸರು ಅಂಟಿಕೊಂಡಿದ್ದು. ಬಾಗಿಲು ಮುಚ್ಚೋಕೆ ಸ್ವಲ್ಪ ಮುಂಚೆ, ಮನೆ ಕಡೆ ತೊಂದರೆ ಅಂತ ಹೇಳಿ ಬಿಟ್ಟುಹೋದ. ಈಗ ನೀನಿರೋ ಊರಲ್ಲೇ ಇದ್ದಾನಂತೆ, ಕೆಲಸಾನೂ ಸಿಕ್ಕಿದೆಯಂತೆ. ಮುಚ್ಚುತ್ತಾರೆ ಅಂತ ಅವನಿಗೆ ಮೊದಲೇ ಯಾರೋ ಕಿವಿಯಲ್ಲಿ ಊದಿರಬೇಕು. ಅಷ್ಟು ವರ್ಷ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂತವನು, ಒಂದು ಮಾತು ಹೇಳಲಿಲ್ಲ. ಎಲ್ಲಾದರೂ ಕಂಡರೆ ಮಾತಾಡಿಸಬೇಡ.

ಇನ್ನೊಂದು. ನನ್ನ ಕೆಲಸದ ವಿಷಯ ಯಾರ ಹತ್ತಿರಾನೂ ಎತ್ತಬೇಡ. ಮಗಳನ್ನ ಮುಂದೆ ಬಿಟ್ಟು ಕೆಲಸ ಕೇಳೋ ಗತಿ ನನಗಿನ್ನೂ ಬಂದಿಲ್ಲ.

ಅಪ್ಪ

*

ಮಾರ್ಚ್ 16

ಅಪ್ಪಾ,

ಯಾರ ಹತ್ತಿರಾನೂ ಎತ್ತಲ್ಲ. ಆದರೆ ನೀನೇ ಬಾ ಅಂತ ಹೇಳೋಕೆ ನನಗೆ ಅಡ್ಡಿ ಇಲ್ಲವಲ್ಲ.

ನನ್ನ ರೂಮು ಟೈಲರ್ ಅಂಗಡಿಯ ಮೇಲಿದೆ. ಚಿಕ್ಕದು, ಆದರೆ ಮಧ್ಯೆ ಪರದೆ ಕಟ್ಟಿದರೆ ಇಬ್ಬರು ಇರಬಹುದು. ನಾನು ಕೆಲಸ ಮಾಡೋ ಔಷಧಿ ಅಂಗಡಿ ಆಸ್ಪತ್ರೆ ಗೇಟಿನ ಎದುರಿಗೆ. ಅಲ್ಲಿಂದ ಬಸ್ ಸ್ಟ್ಯಾಂಡಿನ ತನಕ ಎರಡೂ ಕಡೆ ಬರೀ ಕನ್ನಡಕದ ಅಂಗಡಿಗಳು. ಅವುಗಳ ಹಿಂದೆ ಮೆಟ್ಟಿಲು ಹತ್ತಿದರೆ ವರ್ಕ್‌ಶಾಪುಗಳು. ಬಾಗಿಲು ತೆಗೆದಿದ್ದರೆ ಉಜ್ಜೋ ಸದ್ದು ಬೀದಿಗೆ ಕೇಳಿಸುತ್ತೆ. ಆ ಸದ್ದು ಕೇಳಿದಾಗೆಲ್ಲ ನೀನು ಮನೆಗೆ ಬಂದು ಕೈ ತೊಳೆದುಕೊಳ್ತಿದ್ದೀಯ ಅನ್ನಿಸುತ್ತೆ.

ಇಲ್ಲಿ ಯಾರೂ ಪೇಪರಿಗೆ ಜಾಹೀರಾತು ಕೊಡಲ್ಲ ಅಪ್ಪ. ಒಂದು ಸ್ಟೂಲು ಖಾಲಿಯಾದರೆ ಪಕ್ಕದ ಸ್ಟೂಲಿನವನನ್ನ ಕೇಳ್ತಾರೆ, ನಿನಗೆ ಗೊತ್ತಿರೋರು ಯಾರಾದರೂ ಇದ್ದಾರಾ ಅಂತ. ನಾನು ಸೇರಿಕೊಂಡಿದ್ದು ಹೇಗೆ ಹೇಳು. ತಲೆನೋವಿನ ಮುಲಾಮು ತಗೊಳ್ಳೋಕೆ ಹೋಗಿದ್ದೆ. ಓನರು, ಕೆಲಸದ ಹುಡುಗಿ ಬಿಟ್ಟುಹೋದಳು ಅಂತ ಫೋನಿನಲ್ಲಿ ಯಾರಿಗೋ ಬೈಕೊಳ್ತಾ ಇದ್ದರು. ನಾನು ಬರ್ತೀನಿ ಸಾರ್ ಅಂದೆ. ಮಾರನೇ ದಿನದಿಂದ ಕೌಂಟರಿನ ಹಿಂದೆ ನಿಂತೆ. ಆಮೇಲೆ ಆ ಮುಲಾಮಿನ ದುಡ್ಡನ್ನೂ ತಗೊಂಡರು, ಅದು ಬೇರೆ ಮಾತು.

ನೀನು ಅಷ್ಟು ದೂರದಿಂದ ಬರೆದರೆ ಮೊದಲು ವಿಳಾಸ ನೋಡ್ತಾರೆ. ಇವನು ಬರೋದು ಯಾವಾಗ, ಉಳಿಯೋದು ಎಲ್ಲಿ, ನಿಲ್ಲುತ್ತಾನೋ ವಾಪಸ್ ಓಡ್ತಾನೋ ಅಂತ ಪಕ್ಕಕ್ಕೆ ಇಡ್ತಾರೆ. ನಿನ್ನ ಕೈಗೆ ಕೆಲಸ ಇಲ್ಲ ಅಂತ ಅಲ್ಲ. ಮಶೀನು ಎಷ್ಟೇ ಬಂದರೂ ಸಿಲಿಂಡರ್ ನಂಬರಿನ ಗಾಜಿಗೆ ಕೊನೇ ಕೈ ಮನುಷ್ಯನದೇ ಬೇಕಂತೆ.

ಅಮ್ಮನಿಗೆ ಹೇಳು, ಕಾಲುನೋವಿಗೆ ಕಳಿಸಿದ ಮಾತ್ರೆ ಊಟ ಆದಮೇಲೆ ತಗೋಬೇಕು.

ನಿನ್ನ ಗುಬ್ಬಿ

*

ಮಾರ್ಚ್ 27

ಗುಬ್ಬೀ,

'ಬೇಕಂತೆ' ಅಂತ ಬರೆದಿದ್ದೀಯ. ಯಾರಂತೆ?

ಔಷಧಿ ಮಾರೋ ಹುಡುಗಿಗೆ ಒಂದೇ ಗಾಜಿನಲ್ಲಿ ಎರಡು ಬಾಗು ಇರೋ ಸಿಲಿಂಡರ್ ನಂಬರಿನ ಸಂಗತಿ ತಾನಾಗಿ ಗೊತ್ತಾಗಲ್ಲ. ನಾನು ಮನೇಲಿ ಕೆಲಸದ ಮಾತು ಆಡಿದವನೇ ಅಲ್ಲ. ಅಂದರೆ ಈ ಕಸುಬಿನ ಯಾರೋ ನಿನ್ನ ಜೊತೆ ನಿಂತು ಮಾತಾಡಿದ್ದಾರೆ, ನೀನೂ ಆಡಿದ್ದೀಯ. ಕನ್ನಡಕದ ಅಂಗಡಿಯ ಹುಡುಗ ಯಾರಾದರೂ ಇದ್ದರೆ ಅದನ್ನ ನೇರವಾಗಿ ಹೇಳು, ನಾನೇನು ಹುಲಿಯಲ್ಲ. ಹುಡುಗನಲ್ಲ ಅಂದರೆ ನನ್ನ ವಿಷಯ ಎತ್ತಿದ್ದೀಯ ಅಂತಾಯ್ತು. ಅದು ಇನ್ನೂ ಕೆಟ್ಟದ್ದು. ನಿಮ್ಮಮ್ಮನ ಮುಂದೆ ಇದನ್ನ ಓದಿದೆ, ನಕ್ಕಳು. ಆ ನಗುವೂ ನನಗೆ ಹಿಡಿಸಲಿಲ್ಲ.

ನಾನು ಮಗಳ ರೂಮಿನಲ್ಲಿ ಪರದೆ ಹಿಂದೆ ಮಲಗೋಕೆ ಬರಲ್ಲ. ಇಲ್ಲೇ ಏನಾದರೂ ಆಗುತ್ತೆ. ವಾರವಾರ ಆಫೀಸಿಗೆ ಹೋಗ್ತಾ ಇದ್ದೀನಿ. ಗುಮಾಸ್ತ ಈಗ ನನ್ನ ಮುಖ ನೋಡಿದ ಕೂಡಲೇ ಗುರುತು ಹಿಡೀತಾನೆ.

ಅಪ್ಪ

(ಹಿಂಬದಿಯಲ್ಲಿ, ಪೆನ್ಸಿಲಿನಲ್ಲಿ)

ಮಗಳೇ, ಕವರು ಅಂಟಿಸು ಅಂತ ನನ್ನ ಕೈಗೆ ಕೊಟ್ಟಿದ್ದಾರೆ, ಅದಕ್ಕೇ ಬರೀತಿದ್ದೀನಿ. ಅವರು ಆಫೀಸಿಗೆ ಹೋಗೋದು ಬಿಟ್ಟು ಎಷ್ಟೋ ದಿನ ಆಯ್ತು. ಇಸ್ತ್ರಿ ಮಾಡಿದ ಶರ್ಟು ಹಾಕ್ಕೊಂಡು ಹೊರಡ್ತಾರೆ, ಪಾರ್ಕಿನಲ್ಲಿ ಕೂತು ಬರ್ತಾರೆ. ಆಫೀಸು ಬೇರೆ ಕಟ್ಟಡಕ್ಕೆ ಹೋಯ್ತು ಅಂತ ಬೇಕರಿಗೆ ಬರೋರೆಲ್ಲ ಹೇಳ್ತಾರೆ, ಇವರಿಗೆ ಅದೂ ಗೊತ್ತಿಲ್ಲ. ನನಗೆ ಗೊತ್ತು ಅಂತ ಅವರಿಗೆ ಗೊತ್ತಾಗೋದು ಬೇಡ. ಅಡುಗೆ ಚೆನ್ನಾಗಿಲ್ಲ ಅಂತ ಅನ್ನೋಕೂ ನನಗೆ ಈಗ ಧೈರ್ಯ ಬರ್ತಿಲ್ಲ. ಅಮ್ಮ.

*

ಏಪ್ರಿಲ್ 9

ಅಪ್ಪಾ,

ಹುಡುಗ ಯಾರೂ ಇಲ್ಲ. ಅಂಗಡಿಗೆ ಬಂದ ಗಿರಾಕಿಯೊಬ್ಬರು ಹೇಳಿದ್ದು. ಆಸ್ಪತ್ರೆ ಎದುರು ನಿಂತರೆ ಕೇಳದೇ ಇರೋದೂ ಕಿವಿಗೆ ಬೀಳುತ್ತೆ. ನಿನಗೆ ಕೆಲಸ ಕೊಡಿ ಅಂತ ನಾನು ಯಾರನ್ನೂ ಕೇಳಿಲ್ಲ. ಅಮ್ಮನ ಮೇಲಾಣೆ.

ಆಫೀಸಿನ ಮುಂದೆ ಒಂದು ದೊಡ್ಡ ಮರ ಇತ್ತಲ್ಲ, ನಾನು ಓದುವಾಗ ಅಲ್ಲಿ ಸೈಕಲ್ ನಿಲ್ಲಿಸ್ತಿದ್ದೆ. ಅದು ಈಗಲೂ ಇದೆಯಾ? ಸುಮ್ಮನೆ ನೆನಪಾಯ್ತು.

ನೀನು ಬರದಿದ್ದರೂ ಪರವಾಗಿಲ್ಲ, ನನ್ನ ವಿಳಾಸ ಹಾಕಿ ಅರ್ಜಿ ಬರಿ. ಅಷ್ಟರಿಂದಲೇ ಎಷ್ಟೋ ವ್ಯತ್ಯಾಸ ಆಗುತ್ತೆ.

ಗುಬ್ಬಿ

*

ಮೇ 2

ಗುಬ್ಬೀ,

ಮರ ಇದೆ. ಮೊನ್ನೆ ಆಫೀಸಿಗೆ ಹೋದಾಗಲೂ ಅದರ ನೆರಳಲ್ಲೇ ಸರದಿ ಕಾಯ್ತಾ ಕೂತಿದ್ದೆ.

ಈಗ ವಿಷಯಕ್ಕೆ ಬರ್ತೀನಿ. ನಿನ್ನ ಊರಿನ ಒಂದು ವರ್ಕ್‌ಶಾಪಿನಿಂದ ನನಗೆ ಕಾಗದ ಬಂದಿದೆ. 'ನಿಮ್ಮ ಕೈಕೆಲಸದ ಬಗ್ಗೆ ಕೇಳಿದ್ದೇವೆ, ಬಂದು ಒಂದು ದಿನ ಕೂತು ನೋಡಿ, ಹಿಡಿಸಿದರೆ ಮುಂದುವರಿಯಬಹುದು' ಅಂತ. ಕೆಳಗೆ ಯಜಮಾನನ ಸಹಿ. ಅವರ ವಿಳಾಸ ಇದರ ಹಿಂದೆ ಬರೆದಿದ್ದೀನಿ, ನೋಡು. ಅವರಿಗೆ ನಾನು ಅರ್ಜಿ ಹಾಕಿಲ್ಲ. ಅವರ ಹೆಸರನ್ನೇ ಕೇಳಿಲ್ಲ. ಇಷ್ಟು ತಿಂಗಳು ಬರೆದು ಬರೆದು ಕೈ ಸೋತರೂ ಒಬ್ಬರು ತಿರುಗಿ ನೋಡಲಿಲ್ಲ. ಈಗ ನಾನು ಬರೆಯದೇ ಇದ್ದವರು ತಾವಾಗಿ ಕರೀತಾರೆ. ಇದನ್ನ ನಂಬಬೇಕಾ?

ಕೆಲಸ ಕೊಡಿಸ್ತೀವಿ ಅಂತ ಮೋಸ ಮಾಡೋರು ಮೊದಲು ದುಡ್ಡು ಕೇಳ್ತಾರೆ. ಇವರು ಕೇಳಿಲ್ಲ. ಅಂದರೆ ಇವರು ಇನ್ನೂ ಪಳಗಿದ ಕೈ. ಅಲ್ಲಿಗೆ ಕರೆಸಿಕೊಂಡು ಆಮೇಲೆ ಕೇಳ್ತಾರೆ. ಮೋಸ ಅಲ್ಲ ಅಂದರೆ ಇದು ನಿನ್ನ ಕಿತಾಪತಿ. ಅಮ್ಮನ ಮೇಲಾಣೆ ಅಂತ ಬರೆದಾಗಲೇ ನನಗೆ ಸಂಶಯ ಬಂತು. ನಿಜ ಹೇಳೋವಾಗ ನೀನು ಆಣೆ ಹಾಕಿದವಳಲ್ಲ.

ಎರಡರಲ್ಲಿ ಯಾವುದಾದರೂ ಇರಲಿ ಅಂತ ಅವರಿಗೆ ಉತ್ತರ ಬರೆದು ಹಾಕಿದ್ದೀನಿ. 'ನಾನು ಅರ್ಜಿ ಹಾಕಿಲ್ಲ. ನನ್ನ ಮಗಳು ಬಂದು ಬೇಡಿಕೊಂಡಿದ್ದರೆ ಅದು ನನ್ನ ಮಾತಲ್ಲ. ನನ್ನ ಹೆಸರು ಕೊಟ್ಟವರು ಯಾರು ಅಂತ ತಿಳಿಸದೇ ಇನ್ನೊಂದು ಕಾಗದ ಬಂದರೆ ಎರಡನ್ನೂ ಪೊಲೀಸರಿಗೆ ಒಪ್ಪಿಸುತ್ತೇನೆ' ಅಂತ. ನಿಮ್ಮಮ್ಮ ತಡೆಯೋಕೆ ಬಂದಳು. ಅದಕ್ಕೇ ಈ ಸಲ ಕವರು ನಾನೇ ಅಂಟಿಸಿ, ಡಬ್ಬಿಗೂ ನಾನೇ ಹಾಕಿ ಬಂದೆ.

ಅಪ್ಪ

*

ಮೇ 8

ಅಪ್ಪಾ,

ನಿನ್ನ ಕಾಗದ ಓದಿದ ಕೂಡಲೇ ಅಂಗಡಿಯಲ್ಲಿ ರಜೆ ಕೇಳಿಕೊಂಡು ಆ ವರ್ಕ್‌ಶಾಪಿಗೆ ಹೋದೆ. ನನಗಿಂತ ಮುಂಚೆ ನಿನ್ನ ಉತ್ತರ ಅಲ್ಲಿ ತಲುಪಿತ್ತು.

ಮೇಲಿನ ಮಹಡಿ, ಉದ್ದನೆ ಕೋಣೆ. ಕಿಟಕಿ ಪಕ್ಕಕ್ಕೆ ಸಾಲಾಗಿ ಸ್ಟೂಲುಗಳು. ಕೊನೆಯಿಂದ ಎರಡನೆಯದು ಖಾಲಿ ಇತ್ತು. ಅದರ ಪಕ್ಕದಲ್ಲಿ ಚಾಳೀಸು ಮಾಮ ಕೂತಿದ್ದರು. ನಿನ್ನ ಹೆಸರು ಕೊಟ್ಟಿದ್ದು ಅವರು. ಯಜಮಾನರು ನಿನ್ನ ಕಾಗದವನ್ನ ಎಲ್ಲರೆದುರಿಗೆ ಓದಿದರಂತೆ, ಪೊಲೀಸ್ ಅನ್ನೋ ಕಡೆ ಎಲ್ಲರೂ ನಕ್ಕರಂತೆ. ಮಾಮ ಮಾತ್ರ ಗಾಜಿನಿಂದ ತಲೆ ಎತ್ತಿಲ್ಲ. ನಾನು ಹೋದಾಗಲೂ ಎತ್ತಲಿಲ್ಲ.

ಈಗ ನಾನು ಮುಚ್ಚಿಟ್ಟಿದ್ದನ್ನ ಕೇಳು. ಮಾಮ ಮೊದಲಿಂದಲೂ ನಮ್ಮ ಅಂಗಡಿಗೆ ಬರ್ತಾರೆ. ಅವರ ಹೆಂಡತಿಗೆ ಕಿಡ್ನಿ ಕೆಟ್ಟಿದೆ, ವಾರಕ್ಕೆ ಎರಡು ಸಲ ಎದುರಿನ ಆಸ್ಪತ್ರೆಯಲ್ಲಿ ರಕ್ತ ಶುದ್ಧಿ ಮಾಡಿಸಬೇಕು. ಅವರು ಊರು ಬಿಟ್ಟಿದ್ದು ಅದಕ್ಕೆ. ವರ್ಕ್‌ಶಾಪು ಮುಚ್ಚಿತು ಅನ್ನೋದು ಅವರಿಗೆ ಗೊತ್ತಾಗಿದ್ದೇ ನನ್ನ ಬಾಯಿಂದ. ನೀನು ಅವರನ್ನ ಮಾತಾಡಿಸಬೇಡ ಅಂದಿದ್ದಕ್ಕೆ ನಿನಗೆ ಹೇಳಲಿಲ್ಲ. ಅಪ್ಪ ಮನೇಲಿದ್ದಾನೆ ಅಂತ ಅವರಿಗೆ ಹೇಳಿದೆ. ಕೆಲಸ ಕೊಡಿಸಿ ಅಂತ ಕೇಳಲಿಲ್ಲ. ಅಮ್ಮನ ಮೇಲೆ ಹಾಕಿದ ಆಣೆ ಸುಳ್ಳಲ್ಲ.

ಬರುವಾಗ ಮೆಟ್ಟಿಲ ತನಕ ಬಂದರು. "ನಿಮ್ಮಪ್ಪ ಬಾಯಿ ಬಿಟ್ಟು ಕೇಳೋನಲ್ಲ ಅಂತ ಗೊತ್ತಿತ್ತು. ಅದಕ್ಕೇ ಅವನನ್ನ ಕೇಳದೇ ಹೇಳಿದೆ. ತಪ್ಪಾಯ್ತೇನೋ," ಅಂದರು.

ಯಜಮಾನರು ಕೆಟ್ಟವರಲ್ಲ. ಆದರೆ ಇಷ್ಟು ಸಂಶಯ ಇಟ್ಟುಕೊಂಡವನ ಪಕ್ಕ ಯಾರು ಕೂರ್ತಾರಮ್ಮ ಅಂತ ನನ್ನನ್ನೇ ಕೇಳಿದರು. ಏನು ಹೇಳಬೇಕಿತ್ತು ನಾನು?

ಇನ್ನೊಂದು ಮಾತು. ಆಫೀಸಿನ ಮುಂದಿನ ಮರದ ನೆರಳಲ್ಲಿ ಕೂತಿದ್ದೆ ಅಂತ ಬರೆದಿದ್ದೀಯ. ಆಫೀಸು ಈಗ ಅಲ್ಲಿಲ್ಲ. ನೀನು ನನಗೆ ಸುಳ್ಳು ಬರೆದಿದ್ದಕ್ಕೆ ಬೇಜಾರಿಲ್ಲ. ಸುಳ್ಳು ಬರೀತಾ ಬರೀತಾ ನನ್ನನ್ನೇ ಸುಳ್ಳುಗಾರ್ತಿ ಮಾಡಿದೆಯಲ್ಲ, ಅದಕ್ಕೆ ಬೇಜಾರು.

ನಿನ್ನ ಮಗಳು

*

ಮೇ 29

ಅಪ್ಪಾ,

ಮೂರು ವಾರ ಆಯ್ತು, ನಿನ್ನಿಂದ ಒಂದಕ್ಷರ ಇಲ್ಲ. ಸಿಟ್ಟಿನಲ್ಲಿ ಜಾಸ್ತಿ ಬರೆದೆ. ಬರೆದಿದ್ದು ನಿಜ, ಆದರೆ ಅಷ್ಟು ಜೋರಾಗಿ ಬರೀಬೇಕಿರಲಿಲ್ಲ.

ಆ ಸ್ಟೂಲಿಗೆ ಬೇರೆಯವರು ಬಂದರು. ಯಜಮಾನರ ಪರಿಚಯದವರ ಪರಿಚಯದವರು. ಅದು ಹೋಯ್ತು ಅಂತ ತಿಳಿ.

ಅಮ್ಮನಿಗೆ ಬರೆದು ಕೇಳಿದೆ. 'ಅಪ್ಪ ಆರಾಮ' ಅಂತ ಒಂದೇ ಸಾಲು ಬರೆದಿದ್ದಾಳೆ. ಅಮ್ಮ ಯಾವತ್ತೂ ಒಂದೇ ಸಾಲು ಬರೆದವಳಲ್ಲ, ಬೆಕ್ಕು ಸೀನಿದರೂ ಅರ್ಧ ಪುಟ ಬರೀತಾಳೆ. ಏನಾಗಿದೆ ಅಲ್ಲಿ? ಮೈಗೆ ಹುಷಾರಿಲ್ವಾ? ಮಾತು ಬಿಟ್ಟಿದ್ದೀಯಾ? ಚಾಳೀಸು ಮಾಮನನ್ನ ಕೇಳಿದರೆ ಅವರೂ ಮಾತ್ರೆ ತಗೊಂಡು ಚಿಲ್ಲರೆ ಎಣಿಸೋ ನೆಪದಲ್ಲಿ ಮುಖ ತಿರುಗಿಸ್ತಾರೆ. ಎಲ್ಲರೂ ಸೇರಿ ನನ್ನಿಂದ ಏನೋ ಮುಚ್ಚಿಡ್ತಾ ಇದ್ದೀರಿ. ಈಗ ನಿನ್ನ ರೋಗ ನನಗೂ ಅಂಟಿದೆ ನೋಡು.

ಇನ್ನು ಹದಿನೈದು ದಿನದಲ್ಲಿ ಕಾಗದ ಬರದಿದ್ದರೆ ನಾನೇ ಬಸ್ಸು ಹತ್ತುತ್ತೀನಿ.

ಗುಬ್ಬಿ

*

ಜೂನ್ 12

ಗುಬ್ಬೀ,

ಬಸ್ಸು ಹತ್ತಬೇಡ. ನಾನು ನೀನಿರೋ ಊರಲ್ಲೇ ಇದ್ದೀನಿ.

ನಿನ್ನ ಕಾಗದ ನಿಮ್ಮಮ್ಮ ಬೇಕರಿಯ ಕವರಿನಲ್ಲಿಟ್ಟು ಇಲ್ಲಿಗೆ ಕಳಿಸಿದಳು. ಅವಳ ಮೇಲೆ ಸಿಟ್ಟಾಗಬೇಡ, ಒಂದೇ ಸಾಲು ಬರಿ ಅಂತ ಹೇಳಿದ್ದು ನಾನು. ನೀನು ಸಿಟ್ಟಿನಲ್ಲಿ ಬರೆದ ಕಾಗದ ಓದಿ ಎರಡು ದಿನ ಮನೆಯಿಂದ ಹೊರಗೆ ಕಾಲಿಡಲಿಲ್ಲ. ಮೂರನೇ ದಿನ ನಿಮ್ಮಮ್ಮ ತಟ್ಟೆ ಪಕ್ಕಕ್ಕೆ ಸರಿಸಿ, ಈ ಸಾರು ಬಾಯಿಗಿಡೋಕೆ ಆಗಲ್ಲ, ನೀವು ಹೋಗಿ ನಿಮ್ಮ ಕೆಲಸ ಹುಡುಕಿಕೊಳ್ಳಿ ಅಂದಳು. ಪಾರ್ಕಿನ ವಿಷಯ ಮೊದಲಿಂದಲೂ ಗೊತ್ತಿತ್ತು ಅಂತಲೂ ಅಂದಳು. ಅವಳು ಬೈದಿದ್ದಕ್ಕೆ ನನಗೆ ಎಷ್ಟೋ ಹಗುರಾಯ್ತು. ಅವತ್ತೇ ಬಟ್ಟೆ ತುಂಬಿಕೊಂಡೆ.

ಬಸ್ಸಿಳಿದು ನಿನ್ನ ಅಂಗಡಿ ಕಡೆ ಬರಲಿಲ್ಲ. ಯಾವ ಮುಖ ಹೊತ್ತು ಬರಲಿ? ನೇರ ಆ ವರ್ಕ್‌ಶಾಪಿನ ಮೆಟ್ಟಿಲ ಬುಡಕ್ಕೆ ಹೋಗಿ, ಕೆಲಸ ಬಿಡೋ ತನಕ ನಿಂತಿದ್ದೆ. ಚಾಳೀಸು ಇಳಿದು ಬಂದ. ನಾನು ದಾರಿ ಉದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ, ಅವನು ಮಾತ್ರ ನಿನ್ನೆ ಬಿಟ್ಟುಹೋದವನನ್ನ ಕಂಡ ಹಾಗೆ, ಊಟ ಆಯ್ತಾ ಅಂತ ಕೇಳಿದ. ಮನೆಗೆ ಕರ್ಕೊಂಡು ಹೋದ.

ಸುದ್ದಿ ಮೊದಲೇ ತಿಳಿದು ಓಡಿಬಂದವನ ಮನೆ ಹೇಗಿರುತ್ತೆ ಅಂತ ಒಳಗೆ ಕಾಲಿಟ್ಟ ಕೂಡಲೇ ನನ್ನ ಕಣ್ಣು ಸುತ್ತ ಆಡಿತು. ಸುಳ್ಳು ಯಾಕೆ ಹೇಳಲಿ, ಆಗಲೂ ಆಡಿತು. ಒಂದು ಕೋಣೆ, ಒಂದು ಅಡುಗೆಮನೆ. ಮೊಳೆಗೆ ಆಸ್ಪತ್ರೆಯ ಚೀಟಿಗಳು ಸಿಕ್ಕಿಸಿದ್ದವು. ಅವನ ಹೆಂಡತಿ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಮೊದಲು ನಮ್ಮನ್ನೆಲ್ಲ ಹೆದರಿಸಿಕೊಂಡಿದ್ದ ಹೆಂಗಸು, ಈಗ ಲೋಟ ಎತ್ತೋಕೂ ಎರಡು ಕೈ ಬೇಕು. ನನ್ನ ನೋಡಿ ನಕ್ಕಳು, ನೀವೂ ಬಂದ್ರಾ ಅಂದಳು.

ಅವಳು ಮಲಗಿದ ಮೇಲೆ ಹೊರಗೆ ಜಗಲಿಯಲ್ಲಿ ಕೂತು ಕೇಳಿದೆ. "ಇಷ್ಟೆಲ್ಲ ಇತ್ತಲ್ಲ, ಅವತ್ತೇ ನನಗೊಂದು ಮಾತು ಯಾಕೆ ಹೇಳಲಿಲ್ಲ?"

"ನೀನು ಕೇಳಿದೆಯಾ?" ಅಂದ. "ಮನೆ ಕಡೆ ತೊಂದರೆ ಅಂತ ಹೇಳಿದ್ದೆ. ಎಂಥ ತೊಂದರೆ ಅಂತ ಒಬ್ಬರಾದರೂ ಕೇಳ್ತೀರ ಅಂತ ಕಾದೆ," ಅಂದ.

ನಾವು ಯಾರೂ ಕೇಳಿರಲಿಲ್ಲ. ಅವನು ಹೋದ ಮೇಲೆ ಟೀ ಅಂಗಡಿ ಮುಂದೆ ನಿಂತು, ಅವನಿಗೆ ಯಾರು ಸುದ್ದಿ ಕೊಟ್ಟಿರಬಹುದು ಅಂತ ಮಾತ್ರ ಮಾತಾಡಿದ್ವಿ. ಅವನ ಭುಜದ ಮೇಲೆ ಕೈ ಇಟ್ಟೆ, ಅವನು ಹಾಗೇ ಕೂತಿದ್ದ.

ಮಾರನೇ ದಿನ ಯಜಮಾನರ ಹತ್ತಿರ ಹೋಗಿ ತಪ್ಪಾಯ್ತು ಅಂದೆ. ಪೊಲೀಸರು ಹಿಂದೆ ಬರ್ತಿದ್ದಾರಾ ಅಂತ ಕೇಳಿ ನಕ್ಕರು, ಟೀ ತರಿಸಿದರು. ಆದರೆ ಜಾಗ ಇರಲಿಲ್ಲ. ಖಾಲಿ ಇದ್ದ ಸ್ಟೂಲಿನಲ್ಲಿ ಬೇರೆಯವನು ಕೂತಿದ್ದನ್ನ ಕಣ್ಣಾರೆ ನೋಡಿದೆ. ಕಿಟಕಿಯ ಬೆಳಕು ಚೆನ್ನಾಗಿ ಬೀಳೋ ಜಾಗ ಅದು.

ಆಮೇಲೆ ಬೀದಿ ಹಿಡಿದೆ. ಮೊದಲನೇ ಅಂಗಡಿಗೆ ಕೆಲಸ ಇದೆಯಾ ಅಂತ ಕೇಳೋಕೇ ಹೋದೆ. ಬಾಗಿಲು ತಳ್ಳಿದೆ, ಹುಡುಗಿ ಬನ್ನಿ ಸಾರ್ ಅಂದಳು, ನಾನು ಬಂದ ಕೆಲಸ ಬಿಟ್ಟು ಗೋಡೆಯ ಫ್ರೇಮುಗಳನ್ನ ನೋಡ್ತಾ ನಿಂತೆ. ಅವಳು ಕುರ್ಚಿ ತೋರಿಸಿದಳು, ಕೂತೆ. ಮುಂದಿನ ಅಕ್ಷರ ಓದಿ ಅಂದರು, ಓದಿದೆ. ಕಣ್ಣು ಪರೀಕ್ಷೆ ಮಾಡಿಸಿಕೊಂಡು, ನಂಬರು ಬದಲಾಗಿದೆ ಅಂತ ಚೀಟಿ ಹಿಡಿದುಕೊಂಡು ಹೊರಗೆ ಬಂದೆ. ಆಯುಷ್ಯವೆಲ್ಲ ಊರವರ ಕನ್ನಡಕ ಉಜ್ಜಿದವನಿಗೆ ತನ್ನ ಕಣ್ಣು ಮಂಜಾಗಿದ್ದು ಗೊತ್ತಿರಲಿಲ್ಲ. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ಒಬ್ಬನೇ ನಕ್ಕೆ.

ಎರಡನೇ ಅಂಗಡಿಯಲ್ಲಿ ಬಾಯಿ ಬಿಟ್ಟೆ. "ಗಾಜು ಉಜ್ಜೋ ಕೆಲಸ ಬರುತ್ತೆ. ನನಗೆ ಕೆಲಸ ಬೇಕು," ಅಂದೆ. ಇಲ್ಲ ಅಂದರು. ಅದೇನು ಅಷ್ಟು ಕಷ್ಟ ಅನ್ನಿಸಲಿಲ್ಲ. ಮುಂದಿನ ಅಂಗಡಿಯಲ್ಲೂ ಇಲ್ಲ ಅಂದರು, ಆದರೆ ಇನ್ನೊಂದು ಕಡೆ ಹೆಸರು ಹೇಳಿದರು. ಎಲ್ಲರೂ ಕೇಳಿದ್ದು ಎಲ್ಲಿದ್ದೀರಿ ಅಂತಲೇ. ಚಾಳೀಸು ಮನೇಲಿ, ಬಸ್ ಸ್ಟ್ಯಾಂಡಿನ ಹಿಂದೆ ಅಂದರೆ ತಲೆ ಆಡಿಸಿ ಮುಂದಿನ ಮಾತು ಆಡ್ತಿದ್ದರು. ನಮ್ಮೂರಿನಿಂದ ಬರೆದಾಗ ಯಾರೂ ಇಲ್ಲ ಅಂತ ಹೇಳೋ ತೊಂದರೆಯನ್ನೂ ತಗೊಂಡಿರಲಿಲ್ಲ. ನೀನು ಮಾರ್ಚಿನಲ್ಲಿ ಬರೆದಿದ್ದು ಸರಿ. ಆಗ ನನಗೆ ಅದು ಮಗಳ ಬುದ್ಧಿವಂತಿಕೆ ಥರ ಕಾಣ್ತು.

ಹೀಗೆ ಎರಡು ವಾರ ತಿರುಗಿದೆ. ಹೋದ ಸೋಮವಾರದಿಂದ ಕೆಲಸ. ಬಸ್ಸಿನ ಕೊನೇ ಸ್ಟಾಪಿನಲ್ಲಿ ಒಂದು ಸಣ್ಣ ಅಂಗಡಿ. ಮುಂದೆ ಮಾರೋದು, ಪರದೆ ಹಿಂದೆ ಉಜ್ಜೋದು. ಮಶೀನು ಹಳೇದು, ಸಂಬಳ ಮೊದಲಿನಷ್ಟಿಲ್ಲ, ಕಿಟಕಿ ಇಲ್ಲ. ರೂಮು ಹತ್ತಿರದಲ್ಲೇ ಮಾಡಿದ್ದೀನಿ. ನಿಮ್ಮಮ್ಮ ಸದ್ಯಕ್ಕೆ ಬರಲ್ಲ. ಅವಳ ಕೆಲಸ ಅಲ್ಲಿದೆ, ನನ್ನದು ಇಲ್ಲಿ. ಅವಳನ್ನ ಬಿಡಿಸಿ ಇಲ್ಲಿ ಖಾಲಿ ಕೂರಿಸೋಕೆ ನನಗೆ ಮನಸ್ಸಿಲ್ಲ. ಖಾಲಿ ಕೂರೋದು ಏನು ಅಂತ ನನಗೆ ಗೊತ್ತು.

ಭಾನುವಾರ ಬಾ. ಚಾಳೀಸೂ ಬರ್ತಾನೆ. ಅವನ ಹೆಂಡತಿಗೆ ಉಪ್ಪಿಲ್ಲದ ಅಡುಗೆ ಮಾಡಿ ಕಳಿಸ್ತೀನಿ ಅಂತ ಹೇಳಿದ್ದೀನಿ, ಅದು ನನಗೆ ಚೆನ್ನಾಗಿ ಬರುತ್ತೆ.

ಒಂದು ವಿಷಯ ಮಾತ್ರ ತಲೆಯಲ್ಲಿ ಕೊರೀತಾ ಇದೆ. ಈ ಕೊನೇ ಸ್ಟಾಪಿನ ಅಂಗಡಿಗೆ ನಾನು ಯಾರ ಮಾತೂ ಹಿಡಿದು ಹೋದವನಲ್ಲ. ಬಸ್ಸಿನಿಂದ ಇಳಿದೆ, ಬೋರ್ಡು ಕಂಡಿತು, ಒಳಗೆ ಹೋದೆ, ಅಷ್ಟೇ. ಅಂಗಡಿಯವನು ನನ್ನ ಮುಖ ನೋಡಿದ, ನಾನು ಬಾಯಿ ತೆರೆಯೋ ಮೊದಲೇ ಪರದೆ ಸರಿಸಿ, ಬನ್ನಿ, ಕೂತು ಒಂದು ಗಾಜು ಉಜ್ಜಿ ತೋರಿಸಿ ಅಂದ. ಅವನಿಗೆ ಚಾಳೀಸು ಹೇಳಿದ್ದನೋ, ಚಾಳೀಸನ್ನ ನಿನ್ನ ಔಷಧಿ ಅಂಗಡಿಯಲ್ಲಿ ಹಿಡಿದು ಬಾಯಿ ಬಿಡಿಸಿ ನೀನು ಹೇಳಿದ್ದೆಯೋ, ಬೀದಿಯಲ್ಲಿ ಯಾರಾದರೂ ಹೇಳಿದ್ದರೋ. ಯಾರೋ ಹೇಳಿರಬೇಕು, ಇಲ್ಲದಿದ್ದರೆ ಹಾಗೆ ಕರೆಯಲ್ಲ. ಯಾರು ಅನ್ನೋ ಮಾತು ನಾಲಿಗೆ ತುದಿಗೆ ಬಂತು.

ಕೇಳಲಿಲ್ಲ. ಒಳಗೆ ಹೋಗಿ ಕೂತೆ.

ಅಪ್ಪ